ಅಪ್‌ಲೋಡ್ ಆಗ್ತಾ ಇದೆ ಸಾರ್!

ಕಲ್ಯಾಣ ಮಂಟಪದಲ್ಲಿ ಟ್ಯಾಬಣ್ಣನನ್ನು ಪತ್ತೆ ಹಚ್ಚುವುದು ಸುಲಭ. ಮುಹೂರ್ತದ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಬೆನ್ನು ತೋರಿಸಿ ಮಂಟಪದ ಮುಂದೆ ಅಡ್ಡ ನಿಲ್ಲುವವರು ಅವನ ಹುಡುಗರು. ಅವನು ಅಲ್ಲಿರುವುದಿಲ್ಲ. ಊಟದ ಹಾಲ್ ದಾಟಿ ಒಳಗೆ ಹೋಗಿ ನೋಡಿ. ಅಡುಗೆಮನೆಯ ಹಿಂಬಾಗಿಲಲ್ಲಿ, ಕವುಚಿ ಹಾಕಿದ ಕೊಳಗದ ಮೇಲೆ ಐಪ್ಯಾಡ್ ಒರಗಿಸಿಕೊಂಡು ಕೂತಿರುತ್ತಾನೆ. ನಮ್ಮ ತೀರ್ಥಹಳ್ಳಿ ಕಡೆಯ ಎಷ್ಟೋ ಛತ್ರಗಳಲ್ಲಿ ಸಿಗ್ನಲ್ ಎನ್ನುವುದು ಸಿಕ್ಕಿದರೆ ಅಲ್ಲೇ ಸಿಗಬೇಕು.

“ಹೋಯ್, ಸ್ವಲ್ಪ ಸರೀರಿ ಮಾರಾಯ್ರೆ, ಸಾರು ಇಳಿಸ್ಬೇಕು” ಎಂದು ಅಡುಗೆಯವರು ಕೂಗುತ್ತಾರೆ.

“ಒಂದ್ನಿಮಿಷ ಭಟ್ರೇ, ಧಾರೆ ಅಪ್‌ಲೋಡ್ ಆಗ್ತಾ ಇದೆ.”

ಟ್ಯಾಬಣ್ಣ ಎನ್ನುವುದು ಊರಿನವರು ಇಟ್ಟ ಹೆಸರು. ನಿಮ್ಮೂರಲ್ಲೂ ಒಬ್ಬ ಇದ್ದಾನೆ, ಹೆಸರು ಬೇರೆ ಇರಬಹುದು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡಕ್ಕೆ ಮಾತ್ರ ಕಪ್ಪು ಗವಸು ತೊಟ್ಟವನನ್ನು ಕಂಡರೆ ಅವನೇ ಎಂದು ತಿಳಿಯಿರಿ. ತಿದ್ದುವಾಗ ಅಂಗೈ ಪರದೆಗೆ ತಗುಲಿ ಮದುಮಗಳ ಮುಖ ಎತ್ತಲೋ ಜಾರಬಾರದೆಂದು ಆ ಗವಸು. ಅದನ್ನು ಅವನು ಊಟದ ಪಂಕ್ತಿಯಲ್ಲೂ ತೆಗೆಯುವುದಿಲ್ಲ. ಉಳಿದ ಮೂರೇ ಬೆರಳಲ್ಲಿ ಚಿರೋಟಿ ಮುಗಿಸುವ ಅವನ ಕೌಶಲವನ್ನು ಯಾರಾದರೂ ವಿಡಿಯೋ ಮಾಡಬೇಕು. ಐಪ್ಯಾಡಿನ ಬಾಲಕ್ಕೆ ಕಾರ್ಡ್ ರೀಡರು ಜೋತುಬಿದ್ದಿರುತ್ತದೆ, ಕವರಿನ ಮೇಲೆ ಯಾವುದೋ ಮದುವೆಯ ಕುಂಕುಮ, ಪಕ್ಕದಲ್ಲಿ ಇಟ್ಟಿಗೆ ಗಾತ್ರದ ಪವರ್ ಬ್ಯಾಂಕ್.

ಫೋಟೋ ತಿದ್ದುವ ಲೈಟ್‌ರೂಮನ್ನು ಅಡೋಬಿಯವರು ಐಪ್ಯಾಡಿಗೆ ತಂದದ್ದು 2014ರ ಏಪ್ರಿಲ್‌ನಲ್ಲಿ. ಮರುವರ್ಷ ಆಪಲ್ ಪೆನ್ಸಿಲ್ ಬಂತು. ಅಲ್ಲಿಯವರೆಗೆ ಕತ್ತಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಯಾರಿಗೂ ಕಾಣದಂತೆ ನಡೆಯುತ್ತಿದ್ದ ಕೆಲಸ ಛತ್ರಕ್ಕೆ, ಬಸ್ಸಿಗೆ, ಕ್ಷೌರದಂಗಡಿಗೆ ಹೊರಟಿತು. ಟ್ಯಾಬಣ್ಣನಿಗೆ ಬೇಕಾಗಿದ್ದೂ ಅದೇ, ನಾಲ್ಕು ಜನ ನೋಡಬೇಕು. ಯಾರಾದರೂ ಹಿಂದೆ ನಿಂತು ಇಣುಕಿದರೆ ಸಾಕು, ಪಾಠ ಶುರು. ಒಮ್ಮೆ ಪುರೋಹಿತರೇ ಇಣುಕಿದರು.

“ಇದು ಮೂಲ ಫೋಟೋ ಅಲ್ಲ ಭಟ್ರೇ. ಮೂಲ ಸ್ಟುಡಿಯೋದ ಕಂಪ್ಯೂಟರಲ್ಲಿ ಭದ್ರ. ಇಲ್ಲಿಗೆ ಬರೋದು ಅದರ ಸಣ್ಣ ಪ್ರತಿ, ಉದ್ದದ ಬದಿ 2560 ಪಿಕ್ಸೆಲ್ ಅಷ್ಟೆ. ನಾನು ಇಲ್ಲಿ ಬೆಳಕು ಹೆಚ್ಚು ಮಾಡಿದ್ರೆ ‘ಬೆಳಕು ಹೆಚ್ಚು ಮಾಡು’ ಅನ್ನೋ ಸೂಚನೆ ಮಾತ್ರ ಮೇಲೆ ಕ್ಲೌಡಿಗೆ ಹೋಗಿ, ಅಲ್ಲಿಂದ ಕಂಪ್ಯೂಟರಿಗೆ ಇಳೀತದೆ. ಮೂಲಕ್ಕೆ ಯಾರೂ ಕೈ ಹಚ್ಚೋದಿಲ್ಲ.”

ಪುರೋಹಿತರಿಗೆ ತಕ್ಷಣ ಅರ್ಥವಾಯಿತು. “ಅಂದ್ರೆ ಸಂಕಲ್ಪ ಇಲ್ಲಿ, ಫಲ ಅಲ್ಲಿ. ನಮ್ಮ ಕಸುಬೂ ಅದೇ ಅಲ್ವನಾ!”

ಇಷ್ಟೇ ಆಗಿದ್ದರೆ ಚೆನ್ನಿತ್ತು. ಸೂಚನೆಗಳು ಹಗುರ, ಎರಡು ಕಡ್ಡಿ ಸಿಗ್ನಲ್ಲಿನಲ್ಲೂ ಹೋಗಿ ಮುಟ್ಟುತ್ತವೆ. ಆದರೆ ಟ್ಯಾಬಣ್ಣನಿಗೆ ಸ್ಟುಡಿಯೋಗೆ ಹೋಗುವಷ್ಟು ತಾಳ್ಮೆ ಎಲ್ಲಿ? ಕ್ಯಾಮೆರಾದ ಕಾರ್ಡನ್ನು ನೇರ ಐಪ್ಯಾಡಿಗೇ ಸಿಕ್ಕಿಸುತ್ತಾನೆ. ಆಗ ಮೂಲ ಫೈಲುಗಳೇ ಮೇಲೇರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲೆಂದರೆ, ಹಿಂಡಿ ಚಿಕ್ಕದು ಮಾಡಿದರೂ 25 ಎಂಬಿ ಆಸುಪಾಸು. ಈಗಿನ ಮದುವೆಯಲ್ಲಿ ಕಾಶಿಯಾತ್ರೆಯ ಕೊಡೆಗೇ ನೂರು ಫೋಟೋ ಆಗುವುದರಿಂದ ಒಟ್ಟು 3000 ಎಂದು ಹಿಡಿಯಿರಿ: 75 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ವೇಗ ಒಂದೇ ಸಮ ಸಿಕ್ಕಿದರೂ ಹದಿನಾರು ಹದಿನೇಳು ಗಂಟೆ ಬೇಕು. ಅಷ್ಟು ಹೊತ್ತೂ ಆ್ಯಪ್ ತೆರೆದೇ ಇರಬೇಕು, ಪರದೆ ಆರಬಾರದು. ಮದುಮಕ್ಕಳು ಅರುಂಧತಿ ನೋಡಿ, ಗೃಹಪ್ರವೇಶ ಮುಗಿಸಿ, ಬೀಗರ ಊಟಕ್ಕೆ ಕೂತಾಗಲೂ ಜೀರಿಗೆ-ಬೆಲ್ಲ ಇನ್ನೂ ದಾರಿಯಲ್ಲೇ ಇರುತ್ತದೆ. ನಡುವೆ ಕರೆಂಟು ಹೋದರೆ ಕತೆ ಹೇಳುವುದೇ ಬೇಡ.

ಹಾಗಾಗಿ “ಆಲ್ಬಂ ಯಾವಾಗ?” ಎಂಬ ಪ್ರಶ್ನೆಗೆ ಅವನ ಹತ್ತಿರ ಸದಾ ಒಂದೇ ಉತ್ತರ: “ಅಪ್‌ಲೋಡ್ ಆಗ್ತಾ ಇದೆ ಸಾರ್.” ಮೊದಲೆಲ್ಲ ಫೋಟೋಗ್ರಾಫರುಗಳು ತಡಮಾಡಿದರೆ ಲ್ಯಾಬಿನವರನ್ನು ಬೈಯಬೇಕಿತ್ತು, ಲ್ಯಾಬು ಶಿವಮೊಗ್ಗದಲ್ಲಿ ಇರುತ್ತಿತ್ತು, ಹೋಗಿ ಕೇಳಬಹುದಿತ್ತು. ಈಗ ಯಾರನ್ನು ಕೇಳುತ್ತೀರಿ?

ಇನ್ನು ತಿದ್ದುವ ವಿಚಾರ. ಎಲ್ಲಿಂದಲೋ ಇಳಿಸಿಕೊಂಡ ಒಂದು ಪ್ರಿಸೆಟ್ ಅವನ ಬಳಿ ಇದೆ. ಚರ್ಮಕ್ಕೆ ಜೇನು ಬಣ್ಣ ಕೊಟ್ಟು ಹಸಿರನ್ನೆಲ್ಲ ಕಂದು ಮಾಡುವುದು ಅದರ ಗುಣ. ಒಂದು ಫೋಟೋಗೆ ಹಾಕಿ, ಸೆಟ್ಟಿಂಗ್ಸ್ ಕಾಪಿ ಮಾಡಿ, ಮೂರು ಸಾವಿರಕ್ಕೂ ಅಂಟಿಸಿಬಿಡುತ್ತಾನೆ. ವಿದೇಶದ ಕಡಲ ತೀರದಲ್ಲಿ ಇದು ಚೆಂದವೇ ಇರಬಹುದು. ಆದರೆ ಕಳೆದ ಸೀಸನ್ನಿನಲ್ಲಿ ಒಂದು ಜೋಡಿಯ ಪ್ರೀ ವೆಡ್ಡಿಂಗ್ ಶೂಟನ್ನು ಹುಡುಗಿಯ ಮನೆಯ ಅಡಿಕೆ ತೋಟದಲ್ಲೇ ಮಾಡಿದ್ದ. ಅದನ್ನು ರಿಸೆಪ್ಷನ್ನಿನ ಎಲ್‌ಇಡಿ ಗೋಡೆಯ ಮೇಲೆ ಬಿಟ್ಟಾಗ ಹುಡುಗಿಯ ತಂದೆ ಕುರ್ಚಿಯಿಂದ ಎದ್ದೇಬಿಟ್ಟರು. “ಅಯ್ಯೋ, ನಮ್ಮ ತೋಟಕ್ಕೆ ಯಾವಾಗ ಎಲೆಚುಕ್ಕಿ ಬಂತಾ?” ಗಂಡಿನ ಕಡೆಯ ಸಾಲಿನಲ್ಲಿ ಗುಸುಗುಸು ಶುರುವಾಯಿತು, ಅಲ್ಲಿ ಕೂತವರೆಲ್ಲ ಬೆಳೆಗಾರರೇ. ಔಷಧಿ ಹೊಡೆದರೂ ಪ್ರಯೋಜನವಿಲ್ಲದಷ್ಟು ರೋಗ ಏರಿದೆ ಎಂದು ಒಬ್ಬರು ತೀರ್ಪನ್ನೂ ಕೊಟ್ಟರು. ಧಾರೆ ಸೀರೆಯ ಗಿಳಿಹಸಿರು ಮಾಸಲು ಚಹಾ ಬಣ್ಣವಾದದ್ದಕ್ಕೆ ಅತ್ತೆಯವರು ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವುದು ಬೇಡ, ಎರಡೂ ಮನೆಯವರು ನನಗೆ ಬೇಕಾದವರು.

ಟ್ಯಾಬಣ್ಣನ ಅಪ್ಪಯ್ಯ ಕೂಡ ಫೋಟೋದವರೇ. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ತಿದ್ದುತ್ತಿದ್ದವರು. ಓರೆಯಾದ ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಅಡಿಯಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಸೀಸದ ಕಡ್ಡಿಯಲ್ಲಿ ಚುಕ್ಕಿ ಚುಕ್ಕಿ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಸೀಸ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗಿ ಬರುತ್ತದೆ. ಮೊಡವೆ ಮಾಯ, ಕಣ್ಣಡಿಯ ಕಪ್ಪು ಮಾಯ. ಆದರೆ ಎಷ್ಟು ಮಾಯ ಮಾಡಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು. ಗಲ್ಲದ ಮಚ್ಚೆ ಮುಟ್ಟುತ್ತಿರಲಿಲ್ಲ, ಗುರುತಿಗೆ ಬೇಕು ಎನ್ನುತ್ತಿದ್ದರು. ಮಗ ಹೊಸ ಪೆನ್ಸಿಲ್ ತಂದ ದಿನ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಎಷ್ಟಾಯ್ತ?”

“ಹತ್ತು ಸಾವಿರದ ಮೇಲಾಯ್ತು ಅಪ್ಪಯ್ಯ.”

“ಇದನ್ನ ಚೂಪು ಮಾಡೋದು ಹ್ಯಾಗೆ?”

“ಚೂಪು ಮಾಡೋದಲ್ಲ, ಚಾರ್ಜ್ ಮಾಡೋದು.”

ಅಪ್ಪಯ್ಯ ಏನೂ ಹೇಳಲಿಲ್ಲ. ಎದ್ದು ಹೋಗಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

ಹಾಗಂತ ಅಪ್ಪಯ್ಯನ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಅವರ ನೆಗೆಟಿವ್‌ಗಳಲ್ಲಿ ಅರ್ಧಕ್ಕೆ ನಮ್ಮ ಮಳೆಗಾಲದ ಬೂಷ್ಟು ಹಿಡಿದು ಮುಖ ಯಾವುದು, ಬೂಷ್ಟು ಯಾವುದು ಗೊತ್ತಾಗುವುದಿಲ್ಲ. ಟ್ಯಾಬಣ್ಣನ ಕಡೆ ಒಂದು ಒಳ್ಳೆಯ ಅನುಕೂಲವೂ ಇದೆ: ಲಿಂಕ್ ಕಳಿಸಿದರೆ ಆಲ್ಬಮ್ಮಿಗೆ ಯಾವ ಫೋಟೋ ಎಂದು ಬೆಂಗಳೂರಿನ ಚಿಕ್ಕಪ್ಪ, ನ್ಯೂಜೆರ್ಸಿಯ ಅಣ್ಣ ಇಬ್ಬರೂ ಕೂತಲ್ಲಿಂದಲೇ ಮೆಚ್ಚುಗೆ ಒತ್ತಬಹುದು. ಆ ಅಡಿಕೆ ತೋಟದ ಜೋಡಿಯ ಮದುವೆಗೆ ಒತ್ತಿದರು ಕೂಡ. ಚಿಕ್ಕಪ್ಪ ತಾವಿದ್ದ ಫೋಟೋಗಳಿಗೆಲ್ಲ ಒತ್ತಿದರು, ಅಣ್ಣ ತನ್ನ ಮಗುವಿದ್ದವಕ್ಕೆಲ್ಲ ಒತ್ತಿದ, ದೊಡ್ಡತ್ತೆ ಪ್ರತಿ ಗ್ರೂಪ್ ಫೋಟೋದ ಕೆಳಗೂ “ನನ್ನ ಕಣ್ಣು ಮುಚ್ಚಿದೆ” ಎಂದು ಬರೆದರು. ಮದುಮಗ ಒಂಟಿಯಾಗಿದ್ದ ಒಂದಕ್ಕೂ ಯಾರೂ ಒತ್ತಿರಲಿಲ್ಲ.

ನಿಜವಾದ ಪ್ರಸಂಗ ನಡೆದದ್ದು ಆಮೇಲೆ. “ಜಾಗ ತುಂಬಿದೆ” ಎಂದು ಐಪ್ಯಾಡ್ ಗೊಣಗುತ್ತಿತ್ತು. ಟ್ಯಾಬಣ್ಣನ ಸೋದರಳಿಯ, ಪಿಯುಸಿ ಓದುವ ಹುಡುಗ, ಆಟದ ಆ್ಯಪ್ ಹಾಕಿಕೊಳ್ಳಲು ಜಾಗ ಮಾಡುತ್ತೇನೆಂದು ಹೊರಟು ಆ ಮದುವೆಯ ಅಷ್ಟೂ ಫೋಟೋಗಳನ್ನು ಐಪ್ಯಾಡಿನಿಂದ ಅಳಿಸಿದ. “ಮೇಲೆ ಇದ್ದೇ ಇರ್ತದಲ್ಲ ಮಾವ, ನೀವೇ ಹೇಳಿದ್ರಿ.” ಸಿಂಕ್ ಎಂದರೆ ಒಂದು ಕಡೆ ಆದದ್ದು ಎಲ್ಲಾ ಕಡೆ ಆಗುವುದು, ಅಳಿಸುವುದಕ್ಕೂ ಅದೇ ನಿಯಮ. ಮೇಲಿನದೂ ಹೋಯಿತು, ಫೋನಿನದೂ ಹೋಯಿತು. ಸ್ಟುಡಿಯೋ ಕಂಪ್ಯೂಟರಿಗಂತೂ ಆ ಕಾರ್ಡು ಹೋಗಿಯೇ ಇರಲಿಲ್ಲ. ಕಾರ್ಡಿನಲ್ಲಿ ಆಗಲೇ ಬೇರೆ ಯಾರದೋ ಉಪನಯನ ಕೂತಿತ್ತು.

ಆಷಾಢಕ್ಕೆ ತವರಿಗೆ ಬಂದ ಹುಡುಗಿ ಫೋನ್ ಮಾಡಿ ಆಲ್ಬಂ ಕೇಳಿದಾಗಲೇ ಟ್ಯಾಬಣ್ಣ ಹುಡುಕಿದ್ದು. ಆ ಸಂಜೆ ಅವನ ಮುಖಕ್ಕೆ ಯಾವ ಪ್ರಿಸೆಟ್ ಹಾಕಿದರೂ ಬಣ್ಣ ಬರುತ್ತಿರಲಿಲ್ಲ. ಪುಣ್ಯಕ್ಕೆ ಲೈಟ್‌ರೂಮ್ ಅಳಿಸಿದ್ದನ್ನು 60 ದಿನ ತನ್ನ ಕಸದ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ, ಗಡುವು ಇನ್ನೂ ದಾಟಿರಲಿಲ್ಲ. ಎಲ್ಲವೂ ವಾಪಸ್ ಬಂತು, ದೊಡ್ಡತ್ತೆಯ ಮುಚ್ಚಿದ ಕಣ್ಣೂ ಬಂತು. ಬೇರೆಯವರಾಗಿದ್ದರೆ ಬೆವರೊರೆಸಿಕೊಂಡು ಸುಮ್ಮನಾಗುತ್ತಿದ್ದರು. ಟ್ಯಾಬಣ್ಣ ಮಾತ್ರ ಮರುದಿನವೇ ಪೇಟೆಯಲ್ಲಿ “ನೋಡಿದ್ರಾ, ಕ್ಲೌಡ್ ಅಂದ್ರೆ ಇದು!” ಎಂದು ಹೇಳಿಕೊಂಡು ತಿರುಗಿದ. ಮುಂದಿನ ಕೊಟೇಶನ್ನಿನಲ್ಲಿ ‘ಕ್ಲೌಡ್ ಸುರಕ್ಷೆ’ ಎಂಬ ಹೊಸ ಸಾಲು ಸೇರಿತು, ಅದಕ್ಕೆ ಬೇರೆ ರೇಟು.

ಈ ವರ್ಷ ಮನೆಯಲ್ಲಿ ಮದುವೆ ಇಟ್ಟುಕೊಂಡವರು ಅಡ್ವಾನ್ಸ್ ಕೊಡುವಾಗಲೇ ಒಂದು ಹಾರ್ಡ್ ಡಿಸ್ಕನ್ನೂ ಅವನ ಕೈಗೆ ಕೊಡಿ. ಮೂಲ ಫೈಲುಗಳು ಅದರಲ್ಲಿ ತುಂಬಿ ಮನೆಗೆ ಬಂದ ಮೇಲೆಯೇ ಬಾಕಿ ದುಡ್ಡು ಎಣಿಸಿ. ತೋಟದಲ್ಲಿ ಶೂಟಿಂಗ್ ಮಾಡಿಸುವುದಾದರೆ, ಅಡಿಕೆ ಸೋಗೆ ಹಸಿರಾಗಿಯೇ ಇರತಕ್ಕದ್ದು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.