ಚಾರ್ಮಾಡಿ ಸೀಮೆಯ ರವಿವರ್ಮ ಪಟಗಳ ಅಸಲು–ನಕಲು ಮೀಮಾಂಸೆ

ಸೀಮಿತ ಮುದ್ರಣ ಎಂದರೆ, ಕಲಾವಿದನು ಅಚ್ಚುಕಲ್ಲಿನಿಂದಲೋ ತಗಡಿನಿಂದಲೋ ಇಂತಿಷ್ಟೇ ಪ್ರತಿಗಳನ್ನು ತೆಗೆದು, ಪ್ರತಿಯೊಂದರ ಕೆಳ ಅಂಚಿನಲ್ಲಿ ಸೀಸದಕಡ್ಡಿಯಿಂದ 27/100 ಎಂಬಂತೆ ಕ್ರಮಾಂಕ ಬರೆದು, ರುಜು ಹಾಕಿ, ಬಳಿಕ ಆ ಕಲ್ಲನ್ನು ಉಜ್ಜಿ ಅಳಿಸಿಬಿಡುವ ಪದ್ಧತಿ ಎಂದು ಲಕ್ಷಣಕಾರರು ಹೇಳುತ್ತಾರೆ. ಈ ಲಕ್ಷಣವನ್ನು ಚಾರ್ಮಾಡಿಯ ತಪ್ಪಲಿನಿಂದ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳವರೆಗಿನ ಹಳೆಯ ಮನೆಗಳ ಚಾವಡಿಯಲ್ಲಿ ತೂಗುವ ಲಕ್ಷ್ಮಿ–ಸರಸ್ವತಿಯರ ಪಟಗಳಿಗೆ ಅನ್ವಯಿಸಹೊರಟರೆ ಮೊದಲ ಹೆಜ್ಜೆಗೇ ಅವ್ಯಾಪ್ತಿದೋಷ ಬರುತ್ತದೆ. ಏಕೆಂದರೆ 1894ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ತೊಡಗಿ, 1899ರಲ್ಲಿ ಲೋಣಾವಳದ ಬಳಿಯ ಮಳವಲಿಗೆ ಹೋದ ರವಿವರ್ಮ ಅಚ್ಚುಕೂಟದ ಉದ್ದೇಶವೇ, ಅರಮನೆಯ ಗೋಡೆಯಲ್ಲಿದ್ದ ಚಿತ್ರವನ್ನು ಕೊಳ್ಳುವವರು ಇರುವಷ್ಟು ಪ್ರತಿ ಮಾಡಿ ಮನೆಮನೆಗೆ ಮುಟ್ಟಿಸುವುದಾಗಿತ್ತು.

ಅಸೀಮಿತವಾಗಿ ಹುಟ್ಟಿದ ವಸ್ತು ಸೀಮಿತವೆನಿಸುವುದು ಹೇಗೆ ಎಂಬ ಈ ಪೂರ್ವಪಕ್ಷಕ್ಕೆ ಉತ್ತರವನ್ನು ಕಲಾಶಾಸ್ತ್ರಕ್ಕಿಂತ ಆಷಾಢ ಮಾಸದಲ್ಲಿ ಹುಡುಕುವುದು ಲೇಸು. ಬೇರೆಡೆ ಪ್ರತಿಗಳ ಸಂಖ್ಯೆಯನ್ನು ಕಲಾವಿದ ಗೊತ್ತುಮಾಡಿದರೆ, ಘಟ್ಟದ ಬುಡದಲ್ಲಿ ಆ ಅಧಿಕಾರ ಗೆದ್ದಲಿಗೆ ಸೇರಿದ್ದು. ಅದಕ್ಕೆ ಬೂಷ್ಟು ಮತ್ತು ಸೋರುವ ಮಾಡು ಸಹಕರ್ತೃಗಳಾಗಿವೆ. ಈ ಮೂವರ ಸಮಿತಿಯು ಪ್ರತಿ ಮಳೆಗಾಲ ಸಭೆ ಸೇರಿ ಮುದ್ರಣದ ಸಂಖ್ಯೆಯನ್ನು ಪರಿಷ್ಕರಿಸುತ್ತದೆ, ಮತ್ತು ಅದರ ನಿರ್ಣಯದ ಮೇಲೆ ಅಪೀಲು ಇಲ್ಲ.

ಇನ್ನು ಪರೀಕ್ಷಾವಿಧಿ. ಹಳೆಯ ಪಟಗಳು ಕಲ್ಲಚ್ಚಿನವು, ಅಂದರೆ ಬವೇರಿಯಾದ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ನೀರು ಮತ್ತು ಜಿಡ್ಡಿನ ಪರಸ್ಪರ ವೈರವನ್ನು ಬಳಸಿಕೊಂಡು, ಬಣ್ಣಕ್ಕೊಂದು ಕಲ್ಲಿನಂತೆ ಒಂದರ ಮೇಲೊಂದು ಒತ್ತಿ ತೆಗೆದವು. ಕೊನೆಗೆ ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆ ಕಾಣುವಂತೆ ಉಬ್ಬು ಒತ್ತಿದರೆ ಅದು ಓಲಿಯೋಗ್ರಾಫ್. (ಕಲ್ಲಚ್ಚು ಈ ಜಿಲ್ಲೆಗೆ ಹೊಸದಲ್ಲ, 1843ರ ‘ಮಂಗಳೂರು ಸಮಾಚಾರ’ವೂ ಕಲ್ಲಿನಿಂದಲೇ ಎದ್ದುಬಂದದ್ದು. ಆದರೆ ಅದಕ್ಕೆ ಯಾರೂ ಊದುಬತ್ತಿ ಹಚ್ಚದ ಕಾರಣ ಪ್ರಸ್ತುತ ಶಾಸ್ತ್ರಕ್ಕೆ ಅದು ವಿಷಯವಾಗುವುದಿಲ್ಲ.) ಭೂತಗನ್ನಡಿ ಹಿಡಿದಾಗ ಕಲ್ಲಚ್ಚಿನಲ್ಲಿ ಕೈಯಿಂದ ಇಟ್ಟ ಚುಕ್ಕಿಗಳು ಹೇಗೆಂದರೆ ಹಾಗೆ ಚೆದುರಿರುತ್ತವೆ, ಆಫ್‌ಸೆಟ್ ಮುದ್ರಣದಲ್ಲಾದರೋ ನಾಲ್ಕು ಬಣ್ಣದ ಚುಕ್ಕಿಗಳು ಶಾಲಾಮಕ್ಕಳ ಕವಾಯತಿನಂತೆ ಸಾಲುಗಟ್ಟಿ ನಿಂತಿರುತ್ತವೆ. ನೇರಳಾತೀತ ದೀಪದಡಿ ಕಾಗದವು ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ 20ನೇ ಶತಮಾನದ ನಡುವಿನಿಂದ ಬಳಕೆಗೆ ಬಂದ ಬಿಳುಪುಕಾರಕವಿದೆಯೆಂದೂ, ಅಂಥ ಪಟವನ್ನು 1906ರಲ್ಲಿ ತೀರಿಕೊಂಡ ರವಿವರ್ಮ ನೋಡಿರಲು ಸಾಧ್ಯವಿಲ್ಲವೆಂದೂ ನಿಶ್ಚಯಿಸಬಹುದು.

ರುಜುವನ್ನು ನಂಬಿ ಕೆಟ್ಟವರು ಬಹಳ. ಪಟದ ಮೂಲೆಯಲ್ಲಿರುವ ರವಿವರ್ಮನ ಸಹಿಯು ಸೀರೆಯ ಜರಿಯೊಂದಿಗೆ ತಾನೂ ಅಚ್ಚಾಗಿ ಬಂದದ್ದಾದ್ದರಿಂದ ಅಸಲಿನಲ್ಲೂ ಅದು ಕಲಾವಿದನ ಕೈಯದ್ದಲ್ಲ. ಅಚ್ಚುಕೂಟವು 20ನೇ ಶತಮಾನದ ಆರಂಭದಲ್ಲೇ ಜರ್ಮನಿಯ ಫ್ರಿಟ್ಜ್ ಶ್ಲೈಷರ್ ಅವರಿಗೆ ಮಾರಾಟವಾಗಿ, ಕಲಾವಿದನ ಕಾಲಾನಂತರವೂ ಅದೇ ಹೆಸರಿನಲ್ಲಿ ದೇವರುಗಳನ್ನು ಒತ್ತುತ್ತಿದ್ದುದರಿಂದ, ಒಂದೇ ಪಟವು ಹೆಸರಿನಿಂದ ಅಸಲು, ಕಾಲದಿಂದ ಸಂದಿಗ್ಧ, ಸಹಿಯಿಂದ ನಿರರ್ಥಕ ಎಂಬ ತ್ರಿವಿಧ ಸ್ಥಿತಿಯನ್ನು ಏಕಕಾಲಕ್ಕೆ ಅನುಭವಿಸಬಲ್ಲದು. ಕಾರ್ಲಾ–ಲೋಣಾವಳ ಎಂಬ ಮುದ್ರಣಸ್ಥಳದ ಅಕ್ಷರಗಳು ಇದ್ದರೆ ಅಂಚಿನಲ್ಲಿ ಇರುತ್ತವೆ ಎಂಬುದು ನಿಜವೇ. ಆದರೆ ಪಟಕ್ಕೆ ಕಟ್ಟು ಹಾಕಿದ ಬಡಗಿಯು, ಚೌಕಟ್ಟಿಗೆ ಹೊಂದದ ವಿದ್ವತ್ತನ್ನು ಉಳಿಸುವ ಅಭ್ಯಾಸವಿಲ್ಲದವನಾದ್ದರಿಂದ, ಅಂಚನ್ನೇ ಕತ್ತರಿಸಿರುತ್ತಾನೆ.

ನಕಲುಗಾರರೂ ಶಾಸ್ತ್ರಜ್ಞರೇ. ಅವರು ಹೊಸ ಕಾಗದಕ್ಕೆ ಚಹಾದ ಡಿಕಾಕ್ಷನ್ ಎರೆದು ಪ್ರಾಯ ತರಿಸುತ್ತಾರೆ. ಇದನ್ನು ಕಲೆಯ ದಿಕ್ಕಿನಿಂದ ಕಂಡುಹಿಡಿಯಬೇಕು: ಚಹಾದ ಕಂದು ಎಲ್ಲೆಡೆ ಸಮನಾಗಿ ಹರಡುತ್ತದೆ, ಮಾಡಿನ ನೀರು ಮೇಲಿನಿಂದ ಇಳಿದು ಎಲ್ಲಿ ತಂಗಿತೋ ಅಲ್ಲಿ ಗೆರೆ ಬಿಡುತ್ತದೆ. ಗೆದ್ದಲು ಮರದ ಕಟ್ಟಿನಿಂದ ಒಳಗೆ ಬರುತ್ತದೆಯೇ ಹೊರತು ಗಾಜನ್ನು ತೂರಿ ದೇವಿಯ ವೀಣೆಯ ನಡುವಿಗೆ ನೇರವಾಗಿ ಇಳಿಯುವುದಿಲ್ಲ. ಅಲ್ಲೊಂದೇ ತೂತಿದ್ದು ಅಂಚು ಅಕ್ಷತವಾಗಿದ್ದರೆ ಅದು ದಬ್ಬಣದ ಕೆಲಸ. ಹಣೆಯ ಕುಂಕುಮವು ಗಾಜಿನ ಹೊರಗಿರಬೇಕು. ಒಳಗಿದ್ದರೆ ಭಕ್ತಿಗಿಂತ ವ್ಯಾಪಾರವನ್ನು ಶಂಕಿಸಬೇಕು.

ಈ ಎಲ್ಲ ಪರೀಕ್ಷೆಗಳಿಗೂ ಒಂದು ಅಪವಾದವುಂಟು. ಪಟವು ದೇವರಕೋಣೆಯಲ್ಲಿದ್ದು ನಿತ್ಯ ಹೂವು ಪಡೆಯುತ್ತಿದ್ದರೆ, ಅದನ್ನು ಇಳಿಸಿ, ಬೋರಲು ಹಾಕಿ, ಬೆನ್ನಿನ ಹಲಗೆಯ ಮೊಳೆ ಕೀಳುವ ಪ್ರಸ್ತಾಪವನ್ನು ಮನೆಯ ಅಜ್ಜಿಯ ಮುಂದಿಡುವ ಸಂಶೋಧಕನು, ಹೊರಡುವ ಕೊನೆಯ ಬಸ್ಸಿನ ಸಮಯವನ್ನು ಮೊದಲೇ ತಿಳಿದುಕೊಂಡಿರಬೇಕು.

ಕೊನೆಯದು ಆಗತಿ, ಅಂದರೆ ವಸ್ತುವು ಯಾರ ಕೈಯಿಂದ ಯಾರ ಕೈಗೆ, ಯಾವ ದಾರಿಯಲ್ಲಿ ಬಂತೆಂಬ ದಾಖಲೆ. ದೂರದ ಪಂಡಿತರು ಇದಕ್ಕೆ ಮೊಹರಿನ ಪ್ರಮಾಣಪತ್ರವನ್ನು ಕೇಳುತ್ತಾರೆ. ಪಟ ಅಚ್ಚಾದ ಯಂತ್ರದಲ್ಲೇ ಪ್ರಮಾಣಪತ್ರವೂ ಅಚ್ಚಾಗಬಲ್ಲದೆಂಬುದು ಅವರಿಗೆ ಹೊಳೆದಂತಿಲ್ಲ. ಸ್ಥಳೀಯ ಸಂಪ್ರದಾಯ ಇದಕ್ಕಿಂತ ಗಟ್ಟಿ. ಪಟವು ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಯಿಂದ 2019ರ ಆಗಸ್ಟ್ ನಡುವಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಬಂತೆಂದು ವ್ಯಾಪಾರಿ ಹೇಳಿದರೆ, ಭೂತಗನ್ನಡಿಯನ್ನು ಜೇಬಿಗಿಟ್ಟುಬಿಡಬಹುದು. ಗುಡ್ಡ ಕುಸಿದು ಘಾಟಿ ಬಂದ್ ಆಗಿದ್ದ ಆ ದಿನಗಳಲ್ಲಿ ವಾಹನವೇ ಇಳಿಯಲಾರದೆ ನಿಂತಿರುವಾಗ ಸರಸ್ವತಿ ಹಂಸವೇರಿ ಬಂದಳೆಂದು ಪ್ರತ್ಯೇಕ ಸಾಕ್ಷ್ಯ ಒದಗಿಸಬೇಕಾಗುತ್ತದೆ. ಹಾಗಾದರೆ ಶಿರಾಡಿ ಮಾರ್ಗವಾಗಿ ಬಂದಿರಬೇಕು ಎಂದು ಆತ ಮಾತು ತಿದ್ದಿಕೊಂಡರೆ, ಶಿರಾಡಿಯ ಸ್ಥಿತಿಯನ್ನೂ ಒಮ್ಮೆ ವಿಚಾರಿಸುವುದು ಶಾಸ್ತ್ರಸಮ್ಮತ.