ಐದು ಜೀವದ ಅತ್ತಿಗೆ

ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡಿ ಹಾಳಾದವನು ಒಬ್ಬನೇ, ಅವನು ಅಣ್ಣನ ಮಗ. ಇದು ಮನೆಮಂದಿಯೆಲ್ಲ ಕೂತು ಸರ್ವಾನುಮತದಿಂದ ಕೈಗೊಂಡ ನಿರ್ಣಯ. ಮಂಡಿಸಿದವರು ಅತ್ತಿಗೆ, ಅನುಮೋದಿಸಿದವರು ಭಾವ. ಮಂಡಿಸುವಾಗ ಅತ್ತಿಗೆಯ ಫೋನಿನಲ್ಲಿ ಕ್ಯಾಂಡಿ ಕ್ರಶ್ ನಡೆದಿತ್ತು, ಭಾವನ ಫೋನಿನಲ್ಲಿ ಲೂಡೊ ಕಿಂಗ್. ಅನುಮೋದನೆ ತುಸು ತಡವಾಯಿತು, ಭಾವನಿಗೆ ಆಗಷ್ಟೇ ಗರ ಬಿದ್ದಿತ್ತು.

“ನೀವೂ ಗೇಮ್ ಆಡ್ತಿದ್ದೀರಲ್ಲ ಅತ್ತಿಗೆ” ಅಂದೆ.

“ಇದೇನ್ ಗೇಮಪ್ಪ, ಸುಮ್ನೆ ಟೈಮ್‌ಪಾಸು” ಅಂದರು. ಟೈಮ್‌ಪಾಸಿನಲ್ಲಿ ಅವರು ಸಾವಿರಾರು ಲೆವೆಲ್ ದಾಟಿದ್ದಾರೆ. ಹುಡುಗ ಆಡಿದರೆ ಚಟ, ದೊಡ್ಡವರು ಆಡಿದರೆ ವಿಶ್ರಾಂತಿ.

ನಮ್ಮಂಥ ಮೈಸೂರಿನವರಿಗಂತೂ ಆಟ ಅಂದರೆ ಇಷ್ಟು ತಾತ್ಸಾರ ಇರಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಮೇಲೆ ಚಮತ್ಕಾರಗಳನ್ನೇ ಕಟ್ಟಿದವರು, ಹೊಸ ಹೊಸ ಮಣೆಯಾಟ ರೂಪಿಸಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಅನ್ನುವ ಒಂದಿಡೀ ಭಾಗ ಆಟಗಳಿಗೇ ಮೀಸಲು. ಅಂಥವರಿಗೆ “ಹೋಗಿ ಓದ್ಕೊಳ್ಳಿ ಬುದ್ಧಿ” ಅಂತ ಯಾರೂ ಹೇಳಿದಂತಿಲ್ಲ.

ಅತ್ತಿಗೆಯ ಆಟದ ಮರ್ಮ ಇರುವುದು ಮಿಠಾಯಿಯಲ್ಲಲ್ಲ, ಜೀವದಲ್ಲಿ. ಕ್ಯಾಂಡಿ ಕ್ರಶ್‌ನಲ್ಲಿ ಆಡುವವರಿಗೆ ಐದು ಜೀವ. ಸೋತಾಗಲೆಲ್ಲ ಒಂದು ಹೋಗುತ್ತದೆ, ಹೋದದ್ದು ತಾನಾಗಿ ವಾಪಸ್ ಬರಲು ಅರ್ಧ ಗಂಟೆ ಬೇಕು. ಕಾಯಲಾರದವರು ಗೆಳೆಯರಲ್ಲಿ ಬೇಡಬಹುದು, ಇಲ್ಲವೇ ದುಡ್ಡು ಕೊಡಬಹುದು. ನಮ್ಮ ಮನೆಯ ದಿನಚರಿ ನಡೆಯುವುದೇ ಈ ಲೆಕ್ಕದ ಮೇಲೆ. ಐದೂ ಮುಗಿದ ಮೇಲೆ ಅತ್ತಿಗೆ ಒಲೆ ಹಚ್ಚುತ್ತಾರೆ, ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಒಂದು ಜೀವ ಬಂದಿರುತ್ತದೆ. ಊಟ ಬೇಗ ಸಿಕ್ಕಿತೆಂದರೆ ಅವತ್ತಿನ ಲೆವೆಲ್ ಬಹಳ ಕಷ್ಟದ್ದು ಅಂತಲೇ ಅರ್ಥ.

2012ರಲ್ಲಿ ಬಂದ ಈ ಮಿಠಾಯಿ ಅಂಗಡಿಯ ಮಾಲೀಕರು ಕಿಂಗ್ ಕಂಪನಿಯವರು. ಕಿಂಗನ್ನು ಆಕ್ಟಿವಿಷನ್ ಬ್ಲಿಝಾರ್ಡ್ ಕೊಂಡಿತು. 2023ರ ಅಕ್ಟೋಬರಿನಲ್ಲಿ ಆಕ್ಟಿವಿಷನ್ನನ್ನು ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ನಾಲ್ಕು ತಿಂಗಳು ತುಂಬುವ ಮೊದಲೇ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳಿಸಿತು. ಅವರಿಗೆ ಐದು ಜೀವ ಇದ್ದಿದ್ದರೆ ಚೆನ್ನಾಗಿತ್ತು.

ನಾವು ಹುಡುಗರಾಗಿದ್ದಾಗ ಜೀವಕ್ಕೆ ಇಷ್ಟು ಬೆಲೆ ಇರಲಿಲ್ಲ. ವಿಡಿಯೋ ಗೇಮ್ ಅಂದರೆ ಟೀವಿಗೆ ಸಿಕ್ಕಿಸುವ ಒಂದು ಡಬ್ಬ, ಅದಕ್ಕೊಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟ ಇವೆಯೆಂದು ಬರೆದಿರುತ್ತಿತ್ತು, ಒಳಗೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಸರದಿಯಲ್ಲಿ ಬರುತ್ತಿದ್ದವು. ಆಟ ಕೆಟ್ಟರೆ ಕ್ಯಾಸೆಟ್ ಕಿತ್ತು ಬಾಯಿಂದ ಊದಬೇಕು, ಅದೇ ಸರ್ವರೋಗ ನಿವಾರಕ ಮದ್ದು. ಕಾಂಟ್ರಾ ಆಟದಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಅಂತ ಒತ್ತಿದರೆ ಮೂವತ್ತು ಜೀವ ಬಿಟ್ಟಿ. ಗ್ರೇಡಿಯಸ್ ಎಂಬ ಆಟವನ್ನು ಪರೀಕ್ಷಿಸಲು ತಮಗೇ ಕಷ್ಟವಾಗುತ್ತಿದೆ ಅಂತ ಕೊನಾಮಿ ಕಂಪನಿಯ ಒಬ್ಬರು ಮಾಡಿಕೊಂಡಿದ್ದ ಅಡ್ಡದಾರಿ ಅದು. ಪಠ್ಯದಲ್ಲಿದ್ದ ಪದ್ಯ ಬಾಯಿಗೆ ಬರದವರಿಗೂ ಇದು ಬರುತ್ತಿತ್ತು. ಇವತ್ತು ಯಾವುದಾದರೂ ಕಂಪನಿಯಲ್ಲಿ ಮೂವತ್ತು ಜೀವ ಬಿಟ್ಟಿ ಕೊಡೋಣ ಅಂದವನ ಗತಿಯನ್ನು ಊಹಿಸಿಕೊಳ್ಳಿ.

ಆಟ ಮಾರುವುದಕ್ಕಿಂತ ಆಟದೊಳಗಿನ ಸಾಮಾನು ಮಾರುವುದು ಲಾಭವೆಂದು ಉದ್ಯಮಕ್ಕೆ ಹೊಳೆಯಿತಲ್ಲ, ಅದರ ಬಗ್ಗೆ ಮಾತು ಬಂದಾಗ ಎಲ್ಲರೂ ತೋರಿಸುವುದು ಒಂದು ಕುದುರೆಯನ್ನು. 2006ರಲ್ಲಿ ಬೆಥೆಸ್ಡಾ ಕಂಪನಿ ತನ್ನ ಆಬ್ಲಿವಿಯನ್ ಆಟದ ಕುದುರೆಗೆ ತೊಡಿಸಲು ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಇಡೀ ಆಟ ಕೊಂಡವರ ಹತ್ತಿರ ಕುದುರೆಯ ಅಂಗಿಗೆ ಬೇರೆ ದುಡ್ಡೇ ಎಂದು ಅಭಿಮಾನಿಗಳು ಕೆಂಡವಾದರು, ನಕ್ಕರು, ಶಪಿಸಿದರು. ಮತ್ತು ಕೊಂಡರು. 2025ರಲ್ಲಿ ಅದೇ ಆಟ ಹೊಸ ರೂಪದಲ್ಲಿ ಬಂದಾಗ ದುಬಾರಿ ಆವೃತ್ತಿಯ ಆಕರ್ಷಣೆಗಳಲ್ಲಿ ಕುದುರೆಯ ಕವಚವೂ ಒಂದು. ಹತ್ತೊಂಬತ್ತು ವರ್ಷ ಬೈಸಿಕೊಂಡದ್ದನ್ನೇ ಕಂಪನಿ ವಿಶೇಷ ಕೊಡುಗೆ ಅಂತ ಮಾರಿತು.

ಅಭಿಮಾನಿ ಅನ್ನುವ ಪ್ರಾಣಿ ಇಲ್ಲಿಯೇ ನನಗೆ ಕುತೂಹಲದ್ದು. ಅವನು ಬೈಯುವುದರಲ್ಲಿ ಚೂರೂ ಮೋಸ ಮಾಡುವುದಿಲ್ಲ, ಕೊಳ್ಳುವುದರಲ್ಲೂ ಮಾಡುವುದಿಲ್ಲ. 2017ರಲ್ಲಿ ಇಎ ಕಂಪನಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದಲ್ಲಿ ಡಾರ್ತ್ ವೇಡರನಂಥ ಮುಖ್ಯ ಪಾತ್ರಗಳನ್ನೇ ಬೀಗ ಹಾಕಿ ಇಟ್ಟಿತು. ತೆರೆಯಬೇಕಾದರೆ ಗಂಟೆಗಟ್ಟಲೆ ದುಡಿಯಬೇಕು. ದುಡಿದು ಗಳಿಸಿದರೆ ಹೆಮ್ಮೆಯಾಗುತ್ತದೆ ಎಂಬ ಅರ್ಥದ ಸಮಜಾಯಿಷಿ ಬೇರೆ. ರೆಡಿಟ್‌ನಲ್ಲಿ ಆ ಸಮಜಾಯಿಷಿಗೆ ಬಿದ್ದ ವಿರೋಧದ ಮತಗಳು ಆರೂವರೆ ಲಕ್ಷಕ್ಕೂ ಹೆಚ್ಚು, ಗಿನ್ನೆಸ್ ದಾಖಲೆ. ಮರುವರ್ಷ ಬೆಲ್ಜಿಯಂನವರು, ಇಂಥ ಆಟಗಳಲ್ಲಿ ದುಡ್ಡು ಕೊಟ್ಟು ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಲೂಟ್ ಬಾಕ್ಸುಗಳು ಜೂಜೇ ಎಂದು ತೀರ್ಮಾನಿಸಿದರು. ಅಭಿಮಾನಿಗಳ ಕೋಪಕ್ಕೆ ಇಷ್ಟು ಫಲ ಸಿಕ್ಕಿದ್ದು ಅಪರೂಪ. ಕೊಳ್ಳುವ ಮಾತಿಗೆ ಬಂದರೆ, 2020ರಲ್ಲಿ ಸೈಬರ್‌ಪಂಕ್ 2077 ಎಂಬ ಆಟ ಬರುವ ಮೊದಲೇ ಮುಂಗಡ ಕೊಟ್ಟವರು 80 ಲಕ್ಷ. ಸ್ಟಾಕ್ ಮುಗಿಯುವ ಭಯವೇ ಇಲ್ಲದ ಡಿಜಿಟಲ್ ಮಾಲಿಗೆ ಮುಂಗಡ! ಬಂದ ಆಟ ಹಳೆಯ ಕನ್ಸೋಲುಗಳಲ್ಲಿ ಎಷ್ಟು ತಡವರಿಸಿತೆಂದರೆ, ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂತಿರುಗಿಸಲು ಹೊರಟಿತು. ಈಗ ಅದೇ ಆಟವನ್ನು ಅಭಿಮಾನಿಗಳು ಹೊಗಳುತ್ತಾರೆ. ರಿಪೇರಿ ಮಾಡಿದ್ದು ನಿಜ, ಹೊಗಳಿಕೆಯೂ ನ್ಯಾಯವೇ. ಆದರೂ ಅರೆಬೆಂದದ್ದನ್ನು ಬಡಿಸಿ ಆಮೇಲೆ ಬೇಯಿಸಿಕೊಟ್ಟವರಿಗೆ ಇಷ್ಟು ಮರ್ಯಾದೆ ಬೇರೆ ಕಸುಬಿನಲ್ಲಿ ಸಿಗುವುದನ್ನು ನಾನಂತೂ ಕಂಡಿಲ್ಲ.

ಈ ಅಭಿಮಾನಿಗಳೊಳಗೆ ಒಳಪಂಗಡಗಳೂ ಇವೆ. ಕಂಪ್ಯೂಟರಿನಲ್ಲಿ ಆಡುವವರು ಕನ್ಸೋಲಿನವರನ್ನು ಸಹಿಸಿಕೊಳ್ಳುತ್ತಾರೆ ಅಷ್ಟೇ, ಮೊಬೈಲಿನವರ ಮನೆಯಲ್ಲಂತೂ ನೀರೂ ಕುಡಿಯುವುದಿಲ್ಲ. ಅಣ್ಣನ ಮಗ ಮೊಬೈಲ್ ಪಂಗಡದವನು, ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುತ್ತಾನೆ. ಅದರ ಪೂರ್ವಾಶ್ರಮದ ಹೆಸರು ಪಬ್‌ಜಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಹೊಸ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಮಾಯವಾಯಿತು, 2023ರಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಪೌರನೀತಿಯಲ್ಲಿ ಕಷ್ಟಪಟ್ಟು ಪಾಸಾಗುವ ಹುಡುಗ, ನಿಷೇಧಕ್ಕೆ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮನ್ನು ಕಲಿತದ್ದು ಹೀಗೆ. ಹೊಸ ಜನ್ಮದಲ್ಲಿ ಆಟದ ರಕ್ತ ಹಸಿರಾಗಿತ್ತು. ಹಸಿರು ರಕ್ತ ಸುರಿದರೆ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಣುತ್ತದೆ.

ಮೊನ್ನೆ ಅವನು ತನ್ನ ಸಿಪಾಯಿಗೆ ಥಳಥಳಿಸುವ ಹೊಸ ಬಟ್ಟೆ ಕೊಡಿಸಿದ್ದ.

“ಇದನ್ನ ಹಾಕ್ಕೊಂಡ್ರೆ ಗುಂಡು ತಾಗಲ್ವೇನೋ?”

“ತಾಗತ್ತೆ ಚಿಕ್ಕಪ್ಪ.”

“ಜೋರಾಗಿ ಓಡ್ತಾನಾ?”

“ಇಲ್ಲ. ಹೊಳೆಯತ್ತಲ್ಲ, ದೂರದಿಂದಾನೇ ಕಾಣ್ತಾನೆ, ಬೇಗ ಸಾಯ್ತಾನೆ.”

“ಮತ್ಯಾಕೋ ದುಡ್ಡು ಹಾಕ್ದೆ?”

“ಸತ್ರೂ ಸ್ಟೈಲಾಗಿ ಸಾಯ್ಬೇಕು.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಛತ್ರದಲ್ಲಿ ಎರಡು ಗಂಟೆ ಉಟ್ಟು ಬೀರು ಸೇರುವ ರೇಷ್ಮೆ ಸೀರೆಗಳ ಮನೆಯಲ್ಲಿ ಬೆಳೆದ ಹುಡುಗ ಅವನು.

ದುಡ್ಡಿನ ಆಟಗಳ ವಿಷಯ ಬೇರೆ, ಅಲ್ಲಿ ನನಗೆ ನಗು ಬರುವುದಿಲ್ಲ. ಆನ್‌ಲೈನ್ ರಮ್ಮಿಗೆ ಸಾಲ ಮಾಡಿ ಮನೆ ಮುಳುಗಿಸಿಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2021ರಲ್ಲಿ ಕರ್ನಾಟಕವೇ ನಿಷೇಧದ ಕಾನೂನು ತಂದಿತ್ತು, ಮರುವರ್ಷ ಹೈಕೋರ್ಟಿನಲ್ಲಿ ಅದು ಬಿದ್ದುಹೋಯಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಭಾರತ ಕ್ರಿಕೆಟ್ ತಂಡದ ಎದೆಯ ಮೇಲಿದ್ದ, ದುಡ್ಡಿನ ಆಟದ ಕಂಪನಿ ಡ್ರೀಮ್11ರ ಹೆಸರು ಇಳಿಯಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ, ಅದೃಷ್ಟದ್ದಾಗಲಿ ಕೌಶಲದ್ದಾಗಲಿ, ಈಗ ನಿಷಿದ್ಧ. ಹಣ ಕಟ್ಟಿ ಏನನ್ನೂ ಗೆಲ್ಲದ ಆಟಕ್ಕೆ ಮಾತ್ರ ಕಾಯ್ದೆಯ ಅಡ್ಡಿಯಿಲ್ಲ.