ಕತ್ತರಿಸಿದ ನಿಶಾನೆ

ಮಂಗಳೂರಿನಲ್ಲಿ ಕಂಬಳದ ಫೋಟೋ ಇಲ್ಲದ ಗೋಡೆ ಹುಡುಕುವುದು ಕಷ್ಟ. ಬ್ಯಾಂಕಿನ ಕ್ಯಾಲೆಂಡರು, ಮೀನೂಟದ ಹೋಟೆಲು, ಹಲ್ಲಿನ ಡಾಕ್ಟರ ಹೊರಕೋಣೆ, ಎಲ್ಲಿ ನೋಡಿದರೂ ಅದೇ ಎರಡು ಕೋಣ, ಅದೇ ಕೆಸರುನೀರು, ಅದೇ ಬಾಯ್ದೆರೆದ ಓಟಗಾರ. ಹಲ್ಲು ಕೀಳಿಸಿಕೊಳ್ಳಲು ಕೂತವರಿಗೆ ಆ ಬಾಯಿ ಕಂಡು ಧೈರ್ಯ ಬರುತ್ತದೋ, ಇದ್ದದ್ದೂ ಹೋಗುತ್ತದೋ ಗೊತ್ತಿಲ್ಲ. ಪೇಟೆಯ ಮಕ್ಕಳಿಗಂತೂ ಕಂಬಳವೆಂದರೆ ಒಂದೋ ಈ ಫೋಟೋ, ಇಲ್ಲವೇ ಕದ್ರಿ ಕಂಬಳ ರಸ್ತೆ. ಆ ರಸ್ತೆಯಲ್ಲಿ ಈಗ ಓಡುವುದು ಸ್ಕೂಟರುಗಳು ಮಾತ್ರ.

ನಮ್ಮ ಭಾವನಿಗೆ ಕ್ಯಾಮೆರಾದ ಹುಚ್ಚು. ಬಂಗ್ರಕೂಳೂರಿನ ಗೋಲ್ಡ್‌ಫಿಂಚ್ ಸಿಟಿಯಲ್ಲಿ 2017ರಿಂದ ನಡೆಯುತ್ತಿರುವ ರಾಮ-ಲಕ್ಷ್ಮಣ ಜೋಡುಕರೆ ಕಂಬಳಕ್ಕೆ ಹೋದರೆಂದರೆ ಮೈತುಂಬ ಕೆಸರು, ಕಾರ್ಡು ತುಂಬ ಫೋಟೋ. ಆಮೇಲೆ ನಮ್ಮನ್ನೆಲ್ಲ ಟಿವಿಯ ಮುಂದೆ ಕೂರಿಸಿ ಒಂದೊಂದಕ್ಕೂ ವ್ಯಾಖ್ಯಾನ. ಚಹಾ ಕೊಡುತ್ತಾರೆಂಬ ಕಾರಣಕ್ಕೆ ಪಕ್ಕದ ಮನೆಯವರೂ ಬರುತ್ತಾರೆ.

ಆ ದಿನ ಪರದೆಯ ಮೇಲಿದ್ದದ್ದು ಕನೆಹಲಗೆ ಓಟದ ಚಿತ್ರ. ನಿಜಕ್ಕೂ ಚಂದವಿತ್ತು. ಇಳಿಬಿಸಿಲು ಹಿಂದಿನಿಂದ ಬಿದ್ದು ಒಂದೊಂದು ಹನಿಯೂ ಬೇರೆ ಬೇರೆಯಾಗಿ ಹೊಳೆಯುತ್ತಿತ್ತು. ಕೋಣಗಳ ಎಣ್ಣೆಗಪ್ಪು ಮೈ, ಅದರ ಹಿಂದೆ ಬಿಚ್ಚಿದ ಬೀಸಣಿಗೆಯಂತೆ ಎದ್ದ ನೀರು, ನಡುವೆ ಓಟಗಾರನ ಕೆಂಪು ಮುಂಡಾಸು. ಭಾವ ಶುರು ಮಾಡಿದರು. ಚಿತ್ರವನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಪಾಲು ಮಾಡಿದರೆ ಗೆರೆಗಳು ಕೂಡುವಲ್ಲೇ ಆ ಮುಂಡಾಸು ಕೂತಿದೆ. ಕೋಣಗಳ ಮುಂದೆ ಬಿಟ್ಟ ಖಾಲಿ ಜಾಗದಿಂದ ಓಟಕ್ಕೊಂದು ದಿಕ್ಕು ಸಿಕ್ಕಿದೆ. ಕಪ್ಪಿನ ಭಾರವನ್ನು ನೀರಿನ ಬಿಳುಪು ತೂಗಿಸಿದೆ. ಸೆಕೆಂಡಿನ 2000ದಲ್ಲಿ ಒಂದು ಪಾಲು ಹೊತ್ತು ಮಾತ್ರ ಶಟರ್ ತೆರೆದದ್ದರಿಂದ ಹನಿಗಳು ಗಾಳಿಯಲ್ಲೇ ನಿಂತಿವೆ. ‘ಇನ್ನು ಈ ನೊಗ ನೋಡಿ, ಎಷ್ಟು ಚಂದ ಓರೆಯಾಗಿದೆ! ನೇರ ಗೆರೆ ಮಲಗಿರ್ತದೆ, ಓರೆ ಗೆರೆ ಓಡ್ತದೆ. ಇಡೀ ಫೋಟೋದ ಜೀವ ಇದೇ.’

ಪಕ್ಕದ ಮನೆಯ ಅಜ್ಜ ಚಹಾದ ಲೋಟ ಕೆಳಗಿಟ್ಟರು. ಹಿಂದೆ ಅವರ ಮನೆಯಲ್ಲಿ ಓಟದ ಕೋಣಗಳಿದ್ದವು.

‘ಫೋಟೋ ಒಳ್ಳೆದುಂಟು ಮಾರಾಯ್ರೆ. ನಿಶಾನೆ ಎಲ್ಲಿ?’

‘ಮೇಲೆ ಇತ್ತು ಅಜ್ಜ. ಬಟ್ಟೆ ಅಡ್ಡ ಬಂದು ಕಣ್ಣಿಗೆ ಕಿರಿಕಿರಿ ಆಗ್ತಿತ್ತು, ಕ್ರಾಪ್ ಮಾಡಿದೆ.’

‘ಹಾಗಾದ್ರೆ ಇದು ಗೆದ್ದ ಕೋಣವಾ, ಸೋತ ಕೋಣವಾ?’

ಭಾವನಲ್ಲಿ ಉತ್ತರವಿರಲಿಲ್ಲ. ಕಂಬಳ ನೋಡದವರಿಗೆ ಇಷ್ಟು ಹೇಳಬೇಕು. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ಲೆಕ್ಕಕ್ಕೆ ಬರುವುದು ವೇಗ. ಕನೆಹಲಗೆಯಲ್ಲಿ ಹಾಗಲ್ಲ. ಓಟಗಾರ ಕಾಲೂರುವ ಮರದ ತುಂಡಿಗೆ ತೂತುಗಳಿರುತ್ತವೆ. ಕೋಣಗಳು ಎಳೆದಾಗ ನೀರು ಆ ತೂತುಗಳಿಂದ ನುಗ್ಗಿ ಮೇಲಕ್ಕೆ ಚಿಮ್ಮುತ್ತದೆ. ಕರೆಯ, ಅಂದರೆ ಓಟದ ಗದ್ದೆಯ ಮೇಲೆ 6.5 ಕೋಲು, 7.5 ಕೋಲು ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ಬಟ್ಟೆಯೇ ನಿಶಾನೆ. ನೀರು ಅದನ್ನು ಮುಟ್ಟಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಸಾವಿರಾರು ಜನ ಕೋಣವನ್ನು ಬಿಟ್ಟು ಬಟ್ಟೆ ನೋಡುವ ಸ್ಪರ್ಧೆ ಅದು. ಭಾವ ಕತ್ತರಿಸಿದ್ದು ಆ ಬಟ್ಟೆಯನ್ನು.

ಅಜ್ಜ ಅಷ್ಟಕ್ಕೇ ಬಿಡಲಿಲ್ಲ. ‘ಆ ಓರೆ ನೊಗ ಉಂಟಲ್ಲ, ಅದು ಚಂದ ಅಲ್ಲ, ದೋಷ. ಬಲದ ಕೋಣ ಅರ್ಧ ಹೆಜ್ಜೆ ಮುಂದೆ ಹೋಗಿದೆ. ಜತೆ ಕೂಡಿಲ್ಲ. ನೋಡಿ, ನೀರೂ ಒಂದು ಬದಿಗೆ ವಾಲಿದೆ.’ ನೋಡಿದರೆ ಹೌದು, ಬೀಸಣಿಗೆ ಎಡಕ್ಕೆ ವಾಲಿತ್ತು. ಅಷ್ಟು ಹೊತ್ತು ನಾವೆಲ್ಲ ಅದನ್ನು ಲಯ ಅಂದುಕೊಂಡು ತಲೆದೂಗಿದ್ದೆವು.

ಭಾವನ ಪರವಾಗಿಯೂ ಒಂದು ಮಾತು ಹೇಳಬೇಕು. ಕತ್ತರಿ ಹಾಕುವುದು ಪಾಪವಲ್ಲ. ನೀರಿನ ಫೋಟೋಗಳಲ್ಲೆಲ್ಲ ಹೆಸರಾದದ್ದನ್ನು ಆನ್ರಿ ಕಾರ್ಟಿಯೆ-ಬ್ರೆಸನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದದ್ದು. ಒಬ್ಬ ನಿಂತ ನೀರನ್ನು ದಾಟಲು ಹಾರಿದ್ದಾನೆ, ಹಿಮ್ಮಡಿ ಇನ್ನೇನು ನೀರು ಮುಟ್ಟಬೇಕು. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲೂ ಒಬ್ಬ ನರ್ತಕಿ ಹಾರುತ್ತಿದ್ದಾಳೆ. ಕತ್ತರಿಸುವುದೆಂದರೆ ಆಗದ ಆ ಮಹಾಶಯನೇ ಈ ಚಿತ್ರವನ್ನು ಕತ್ತರಿಸಿದ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಎಡಬದಿಗೆ ಹಲಗೆ ಅಡ್ಡ ಬಂದಿತ್ತು. ಆದರೆ ಅವನು ತೆಗೆದುಹಾಕಿದ್ದು ಬೇಲಿಯನ್ನು, ಹಿಮ್ಮಡಿಯನ್ನಲ್ಲ.

ಕ್ಯಾಮೆರಾ ಇಲ್ಲದೆಯೂ ಕತ್ತರಿಸಬಹುದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್‌ನ ದಾಖಲೆ 9.58. ದೇಶವೆಲ್ಲ ಗೌಡರ ಮೈಕಟ್ಟಿನ ಫೋಟೋ ಹಂಚಿತು, ಕೇಂದ್ರ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಕರೆದರು. ಆ ಲೆಕ್ಕದ ಚೌಕಟ್ಟಿನಿಂದ ಮಾತ್ರ ಎರಡು ಕೋಣಗಳು ಹೊರಗೆ ಬಿದ್ದಿದ್ದವು. ಗೆಲುವಿನಲ್ಲಿ ಕೋಣಗಳ ಪಾಲೂ ಇದೆಯೆಂದು ಕೊನೆಗೆ ಗೌಡರೇ ನೆನಪಿಸಬೇಕಾಯಿತು. ಪರೀಕ್ಷೆಗೂ ಅವರು ಒಪ್ಪಲಿಲ್ಲ.

ಭಾವ ಮೂಲ ಫೋಟೋ ತೆಗೆದು ತೋರಿಸಿದರು. ಮೇಲ್ಗಡೆ ಬಟ್ಟೆ ಇತ್ತು, ನೀರು ಅದಕ್ಕೆ ಗೇಣು ಕೆಳಗೆ ನಿಂತಿತ್ತು. ಸೋತ ಕೋಣ. ನನ್ನನ್ನು ಕೇಳಿದರೆ ಕತ್ತರಿಸಿದ್ದಕ್ಕಿಂತ ಅದೇ ಮೇಲು. ಆ ಗೇಣಷ್ಟು ಖಾಲಿ ಜಾಗದಲ್ಲಿ ಇಡೀ ಓಟದ ಕತೆಯಿದೆ, ಮೂರರ ಗೆರೆಗಳು ಎಲ್ಲಿಯಾದರೂ ಕೂಡಿಕೊಳ್ಳಲಿ. ಆದರೆ ಫೋಟೋ ಸ್ಪರ್ಧೆಯೊಂದಕ್ಕೆ ಭಾವ ಕಳಿಸಿದ್ದು ಕತ್ತರಿಸಿದ್ದನ್ನೇ. ಬಹುಮಾನವೂ ಬಂತು, ತೀರ್ಪಿನಲ್ಲಿ ಆ ಓರೆ ಗೆರೆಗೆ ವಿಶೇಷ ಮೆಚ್ಚುಗೆ. ಅಜ್ಜನಿಗೆ ಇದನ್ನು ಯಾರೂ ಹೇಳಿಲ್ಲ.

ಫೋಟೋ ಸ್ಪರ್ಧೆ ನಡೆಸುವವರಲ್ಲಿ ಒಂದು ಅರಿಕೆ: ಕಂಬಳದ ವಿಭಾಗ ಇಟ್ಟಾಗ ತೀರ್ಪುಗಾರರ ಸಾಲಿನಲ್ಲಿ ಕೋಣ ಸಾಕಿದವರೊಬ್ಬರಿಗೂ ಕುರ್ಚಿ ಹಾಕಿ.